ಸ್ವೀಡನ್ನಿನ ಪುಕ್ಕಟೆ ಭಾಷಾ ಕ್ಲಾಸು, ಅದರ ಜೊತೆ ಅಲ್ಲಿನ ಜನ: ಹೊಸನಗರದವಳ ರಿವ್ಯೂ (5ಕ್ಕೆ 4)

ಮೊದಲೇ ಹೇಳ್ಬಿಡ್ತೀನಿ, ನಮ್ಮ ಮಲೆನಾಡಿನವರಿಗೆ ಸ್ವೀಡನ್ ಒಗ್ಗುತ್ತೆ, ಬೆಂಗಳೂರಿಗಿಂತ ಚೆನ್ನಾಗೇ ಒಗ್ಗುತ್ತೆ. ರಜಕ್ಕೆ ಊರಿಗೆ ಬಂದಿದೀನಿ, ಇಲ್ಲಿ ಹಿಡಿದ ಮಳೆ ಬಿಟ್ಟಿಲ್ಲ, ಕರೆಂಟು ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ, ಮನೆಗೆ ಬಂದವರೆಲ್ಲ ಕೇಳೋದು ಒಂದೇ, "ಅಲ್ಲಿ ಜನ ಹೆಂಗೆ ಮಾರಾಯ್ತಿ, ಸೇರಿಸ್ಕೊಳ್ತಾರಾ?" ಅಂತ. ಹೇಳಿ ಹೇಳಿ ಸಾಕಾಯ್ತು, ಅದಕ್ಕೆ ಬರೆದೇ ಬಿಡೋಣ ಅಂತ. ರಿವ್ಯೂ ಮಾಡ್ತಿರೋದು ಅಲ್ಲಿನ ಮುನಿಸಿಪಾಲಿಟಿಯವರು ಹೊರಗಿಂದ ಬಂದವರಿಗೆ ನಡೆಸೋ ಸ್ವೀಡಿಷ್ ಕ್ಲಾಸನ್ನ, ಅದರ ಕತೆ ಹೇಳ್ತಾ ಹೋದ್ರೆ ಜನರ ಕತೆನೂ ಬಂದೇ ಬರುತ್ತೆ.

ಕ್ಲಾಸಿಗೆ ಎಸ್‌ಎಫ್‌ಐ ಅಂತಾರೆ. ಶಿವಮೊಗ್ಗದಲ್ಲಿ ಕಾಲೇಜು ಓದಿದವರು ಗಾಬರಿ ಆಗ್ಬೇಡಿ, ಇದು ಆ ವಿದ್ಯಾರ್ಥಿ ಸಂಘಟನೆ ಅಲ್ಲ, ಬಾವುಟ ಗಿವುಟ ಎಂತದೂ ಇಲ್ಲ, "ವಲಸೆ ಬಂದವರಿಗೆ ಸ್ವೀಡಿಷ್" ಅನ್ನೋದರ ಚಿಕ್ಕ ರೂಪ ಅಷ್ಟೆ. ಫೀಸು ಒಂದು ಪೈಸೆ ಇಲ್ಲ. ಎ, ಬಿ, ಸಿ, ಡಿ ಅಂತ ನಾಲ್ಕು ಹಂತ, ಓದಿದವರನ್ನ ಸಾಮಾನ್ಯ ಸಿ ಇಂದಲೇ ಶುರು ಮಾಡಿಸ್ತಾರೆ, ಅಕ್ಷರ ಬರದವರಿಗೆ ಎ ಇಂದ ನಿಧಾನಕ್ಕೆ. ಸೇರೋಕೆ ಬೇಕಾಗಿರೋದು ಪರ್ಸೋನ್‌ನುಮ್ಮರ್ ಅನ್ನೋ ಗುರುತಿನ ನಂಬರು, ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಇರ್ತೀವಿ ಅಂದ್ರೆ ತೆರಿಗೆ ಇಲಾಖೆಯವರು ಕೊಡೋದು. ಅದು ಸಿಗೋ ತನಕ ನೀವು ಆ ದೇಶದಲ್ಲಿ ಇದ್ದೂ ಇಲ್ಲದಂಗೆ, ಬ್ಯಾಂಕಿನವರು ಒಂದು ಸಲಕ್ಕೆ ಕೇಳಲ್ಲ, ಬ್ಯಾಂಕ್ ಐಡಿ (ನಾವು ಯಾರು ಅಂತ ಮೊಬೈಲಲ್ಲೇ ಸಾಬೀತು ಮಾಡೋ ಆ್ಯಪ್) ಇಲ್ಲದೆ ಆನ್‌ಲೈನಲ್ಲಿ ಯಾವ ಕೆಲಸನೂ ಸಾಗಲ್ಲ. ಸಿಕ್ಕಿದ ಮೇಲೆ ನೋಡಿ, ಆಫೀಸಿಗೆ ಅಲೆಯೋದು ಹೆಚ್ಚುಕಮ್ಮಿ ನಿಂತೇ ಹೋಗುತ್ತೆ, ಯಾರ ಕೈಕಾಲೂ ಹಿಡಿಯೋದು ಬೇಡ.

ನಮ್ಮ ಬ್ಯಾಚಲ್ಲಿ ಸಿರಿಯಾದವರು, ಎರಿಟ್ರಿಯಾದವರು, ಬ್ರೆಜಿಲಿನವಳು ಒಬ್ಬಳು, ಕನ್ನಡದವಳು ಅಂತ ನಾನೊಬ್ಬಳೇ. ಟೀಚರನ್ನ ಹೆಸರು ಹಿಡಿದು ಕರೀಬೇಕು, ನನಗೆ ಬಾಯೇ ಬರ್ತಿರ್ಲಿಲ್ಲ, ತಿಂಗಳುಗಟ್ಲೆ ಅವರನ್ನ ಕರೆಯದೇನೇ ಕೈ ಎತ್ತಿ ಕೈ ಎತ್ತಿ ಕೂತಿದ್ದೆ. ಕನ್ನಡದವರಿಗೆ ಒಂದು ಲಾಭ ಇದೆ, ಇದನ್ನ ಯಾರೂ ಹೇಳಲ್ಲ. ಅವರಲ್ಲಿ ಆರ್ ಪಕ್ಕ ಎನ್, ಟಿ, ಡಿ ಬಂದ್ರೆ ಎರಡೂ ಸೇರಿ ನಮ್ಮ ಣ, ಟ, ಡ ಆಗುತ್ತೆ. ಮಗುವಿಗೆ ಬರೆಯೋದು ಬಾರ್ನ್, ಅನ್ನೋದು ಬಾಣ್. ಬ್ರೆಜಿಲಿನವಳು ನಾಲಿಗೆ ಮಡಚೋಕೆ ಒದ್ದಾಡ್ತಿದ್ರೆ ನಾನು ಆರಾಮಾಗಿ ಕೂತಿದ್ದೆ. ಆದ್ರೆ ಏಳು ಅನ್ನೋ ಸಂಖ್ಯೆ ಬಂದಾಗ ನನ್ನ ಜಂಬ ಇಳೀತು, ಶ ಅಲ್ಲ ಹ ಅಲ್ಲ, ದೀಪ ಊದಿದ ಶಬ್ದ ಅದು, ಇವತ್ತಿಗೂ ಸರಿ ಬರಲ್ಲ.

ಇನ್ನು ಜನ. ಸ್ವೀಡಿಷರು ಮುಖ ಕೊಟ್ಟು ಮಾತಾಡಲ್ಲ, ಬಿಗುಮಾನ, ಫ್ರೆಂಡ್ಸ್ ಆಗಲ್ಲ ಅಂತ ಅಲ್ಲಿರೋ ಇಂಡಿಯನ್ನರ ದೊಡ್ಡ ಕಂಪ್ಲೇಂಟು, ಸುಳ್ಳಲ್ಲ. ಬಸ್ಸಲ್ಲಿ ಪಕ್ಕ ಯಾರೂ ಕೂರಲ್ಲ, ಲಿಫ್ಟಲ್ಲಿ ಯಾರಾದ್ರೂ ಇದ್ರೆ ಮನೆ ಬಾಗಿಲ ಹಿಂದೆನೇ ನಿಂತು ಕಾಯ್ತಾರೆ. ನನಗೆ ಇದರಲ್ಲಿ ಹೊಸದೇನೂ ಕಾಣ್ಲಿಲ್ಲ, ನಮ್ಮಲ್ಲೂ ಗುಡ್ಡಕ್ಕೊಂದು ಒಂಟಿ ಮನೆ, ಪಕ್ಕದ ಮನೆ ಅಂದ್ರೆ ತೋಟ ದಾಟಿ ಹಳ್ಳ ದಾಟಿ ಹೋಗ್ಬೇಕು, ಹಂಗಂತ ನಮ್ಮವರು ಕೆಟ್ಟವರಾ? ದಿನಾ ಬಂದು ಕೂರಲ್ಲ, ಕಷ್ಟ ಅಂದ್ರೆ ಬರ್ತಾರೆ. ಅವರೂ ಹಂಗೇ. ಬೆಂಗಳೂರಲ್ಲಿ ಬಾಡಿಗೆಗೆ ಇದ್ದಾಗ ಓನರ್ ಆಂಟಿ ನಮ್ಮ ಕಸದ ಬುಟ್ಟಿ ನೋಡಿ ಇವತ್ತು ಎಂತ ಅಡಿಗೆ ಅಂತ ಹೇಳ್ತಿದ್ರು, ಸ್ವೀಡನ್ನಲ್ಲಿ ನಾನು ಎಂತ ತಿಂತೀನಿ, ಯಾವ ಜಾತಿ, ಮಕ್ಕಳು ಯಾವಾಗ ಅಂತ ಇಷ್ಟು ದಿನದಲ್ಲಿ ಒಬ್ರು ಕೇಳಿಲ್ಲ. ಆ ನೆಮ್ಮದಿಗೆ ರೇಟಿಂಗ್ ಹೆಂಗೆ ಕೊಡೋದು ಹೇಳಿ.

ಒಳಗೆ ಹೋಗೋ ದಾರಿನೂ ಇದೆ, ಅದು ಮಾತಿಂದ ಅಲ್ಲ ಕೆಲಸದಿಂದ ಸಿಗೋದು. ಫ್ಲಾಟಿನವರೆಲ್ಲ ಸೇರಿ ವಸಂತಕ್ಕೊಂದು ಶರತ್ಕಾಲಕ್ಕೊಂದು ಸಲ ಕಾಂಪೌಂಡ್ ಕ್ಲೀನ್ ಮಾಡೋ ದಿನ ಇರುತ್ತೆ, ಕುಂಟೆ ಹಿಡಿದು ಎಲೆ ಗುಡಿಸಿ ಆಮೇಲೆ ಸಾಸೇಜ್ ಸುಟ್ಟು ಕಾಫಿ ಕುಡಿಯೋದು, ಸಸ್ಯಾಹಾರಿಗಳಿಗೂ ಒಂದು ಇಟ್ಟಿರ್ತಾರೆ. ಒಂದು ಸಲ ಎಲೆ ಗುಡಿಸಿದ್ದಕ್ಕೆ ಮೂರನೇ ಮಹಡಿಯ ಅಜ್ಜಿ ಮಾತಾಡ್ಸೋಕೆ ಶುರು ಮಾಡಿದ್ರು, ನನ್ನ ಹರಕು ಸ್ವೀಡಿಷಿಗೆ ಇಂಗ್ಲಿಷಲ್ಲಿ ಉತ್ತರ ಕೊಡದೆ ಕಾಯ್ದು ಕೇಳಿಸ್ಕೊಂಡಿದ್ದು ಅವರೊಬ್ರೇ, ಉಳಿದವರು ಪಾಪ ಸಹಾಯ ಮಾಡ್ತೀವಿ ಅಂತ ತಕ್ಷಣ ಇಂಗ್ಲಿಷಿಗೆ ಹಾರ್ತಾರೆ, ಕ್ಲಾಸಲ್ಲಿ ಕಲಿತಿದ್ದು ಅಲ್ಲೇ ನೀರುಪಾಲು. ಆ ಅಜ್ಜಿನೇ ಕಾಡಿಗೆ ಅಣಬೆಗೆ ಕರ್ಕೊಂಡು ಹೋಗಿದ್ದು. ಅಲ್ಲಿ ಯಾರ ಕಾಡಲ್ಲಾದ್ರೂ ಓಡಾಡಿ ಹಣ್ಣು ಅಣಬೆ ಕೀಳೋ ಹಕ್ಕು ಎಲ್ಲರಿಗೂ ಇದೆ, ಹೊರಗಿನವರಿಗೂ, 1994ರಲ್ಲಿ ಸಂವಿಧಾನಕ್ಕೇ ಸೇರಿಸಿದಾರೆ, ಮನೆ ಅಂಗಳಕ್ಕೂ ಬೆಳೆಗೂ ನುಗ್ಗಬಾರದು ಅಷ್ಟೆ. ಕಾಂಟರೆಲ್ ಅಂತ ಹಳದಿ ಅಣಬೆ, ಪಾಚಿ ಮೇಲೆ ಎದ್ದಿರುತ್ತೆ, ಚಿಕ್ಕ ಕುಂಚದಲ್ಲಿ ಮಣ್ಣು ಉಜ್ಜಿ ಬುಟ್ಟಿಗೆ ಹಾಕೋದು. ಅಣಬೆ ಸಿಗೋ ಜಾಗ ಸ್ವಂತ ತಮ್ಮನಿಗೂ ಹೇಳಿಲ್ಲ ಅಂದ್ರು ಅಜ್ಜಿ. ನನಗೆ ತೋರಿಸಿದ್ರಲ್ಲ, ಪೌರತ್ವ ಸಿಕ್ಕಿದಷ್ಟೇ ಖುಷಿ ಆಯ್ತು.

ಒಂದು ಸ್ಟಾರ್ ಕಟ್ ಮಾಡಿದ್ದು ಮನೆ ವಿಷಯಕ್ಕೆ. ಬಾಡಿಗೆ ಮನೆಗೆ ಕ್ಯೂ, ದೊಡ್ಡ ಊರುಗಳಲ್ಲಿ ವರ್ಷಾನುಗಟ್ಲೆ, ಅಲ್ಲೀ ತನಕ ಬೇರೆಯವರ ಮನೇಲಿ ಸೆಕೆಂಡ್ ಹ್ಯಾಂಡ್ ಕಾಂಟ್ರಾಕ್ಟಲ್ಲಿ (ಅಂದ್ರೆ ಒಳಬಾಡಿಗೆಗೆ) ಗಂಟುಮೂಟೆ ಹೊತ್ಕೊಂಡು ತಿರುಗೋದೇ. ಡಿಸೆಂಬರಲ್ಲಿ ನಾವಿರೋ ಗೋಥೆನ್‌ಬರ್ಗಲ್ಲಿ ಮಧ್ಯಾಹ್ನ ಮೂರೂವರೆಗೆ ಕತ್ತಲು, ಅದಕ್ಕೂ ಅರ್ಧ ಸ್ಟಾರ್ ಕಟ್ ಮಾಡಬೇಕಿತ್ತು, ಆದ್ರೆ ಕಿಟಕಿ ಕಿಟಕಿಗೆ ದೀಪ ಇಟ್ಟಿರ್ತಾರೆ ಅಂತ ಬಿಟ್ಟೆ. ಮಳೆ ಮಳೆ ಅಂತ ಗೋಥೆನ್‌ಬರ್ಗಿನವರು ಗೋಳಾಡ್ತಾರೆ, ಆಗುಂಬೆಲಿ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಬೀಳುತ್ತೆ, ಅದರ ಕಾಲು ಭಾಗನೂ ಇಲ್ಲ ಇವರದ್ದು, ನಾನು ಸುಮ್ನೆ ತಲೆ ಆಡಿಸ್ತೀನಿ.

ಹೋಗೋ ಯೋಚನೆ ಇರೋರಿಗೆ. ಶಿವಮೊಗ್ಗದಲ್ಲಿ ಒಬ್ಬ ಏಜೆಂಟು ನಮ್ಮ ದೊಡ್ಡಮ್ಮನ ಮಗನ ಹತ್ರ "ಭಾಷಾ ಕೋರ್ಸಿನ ಸೀಟಿಗೆ" ಅಂತ ದುಡ್ಡು ಇಸ್ಕೊಂಡಿದಾನೆ, ಪುಕ್ಕಟೆ ಕ್ಲಾಸಿಗೆ ಯಾವ ಸೀಟು ಮಾರಾಯ್ರೆ! ವರ್ಕ್ ಪರ್ಮಿಟ್ ಬೇಕು ಅಂದ್ರೆ ಮೊದಲು ಕೆಲಸ ಸಿಗ್ಬೇಕು, ಅರ್ಜಿ ಆನ್‌ಲೈನಲ್ಲೇ, 2023ರ ನವೆಂಬರಲ್ಲಿ ಸಂಬಳದ ಮಿತಿನೂ ಏರಿಸಿ ಅಲ್ಲಿನ ಮಧ್ಯಮ ಸಂಬಳದ ಶೇ 80 ಮಾಡಿದ್ರು, ನಿಯಮ ಬಿಗಿ ಆಗ್ತಾನೇ ಇದೆ, ಸರ್ಕಾರಿ ಸೈಟ್ ನೋಡ್ಕೊಂಡೇ ಹೊರಡಿ.

ಆಮೇಲೆ ಅಮ್ಮಂದಿರಿಗೆ: ಅಪ್ಪೆಮಿಡಿ ಉಪ್ಪಿನಕಾಯಿ ಹೋಗುತ್ತೆ, ಡಬ್ಬ ಸೋರದಂಗೆ ಕಟ್ಟಿ. ತುಪ್ಪ ಹೋಗಲ್ಲ, ಬೆಣ್ಣೆ, ತುಪ್ಪದಂಥ ಹಾಲಿನ ಪದಾರ್ಥನ ಇಂಡಿಯಾದಿಂದ ಯುರೋಪಿಯನ್ ಒಕ್ಕೂಟದ ಒಳಗೆ ಬಿಡಲ್ಲ. ನಮ್ಮಮ್ಮನಿಗೆ ಹೇಳಿದೀನಿ, ಆದ್ರೂ ಬೆಣ್ಣೆ ಕಾಯಿಸ್ತಾ ಇದಾರೆ.