ಟೆಕ್ನು: ಚರ್ಮ ಒಣಗಿರುವಾಗಲೇ ಹಚ್ಚಿ

ಅರಿಜೋನಾದ ಓಕ್ ಕ್ರೀಕ್ ಕಣಿವೆಯಂಥ ಕಡೆ ಚಾರಣ ಹೋಗುವವರು ಚೀಲದಲ್ಲಿ ಟೆಕ್ನು ಇಟ್ಟುಕೊಳ್ಳುವುದು ಒಳ್ಳೆಯದೇ. ತಾಗಿದರೆ ಮೈ ಬೊಬ್ಬೆಯೇಳಿಸುವ ಪಾಯ್ಸನ್ ಐವಿ ಎಂಬ ಮೂರೆಲೆಯ ಗಿಡದ ಎಣ್ಣೆಯನ್ನು ಚರ್ಮದಿಂದ ತೆಗೆಯುವ ದ್ರವ ಇದು. ಆದರೆ ಎಷ್ಟೋ ಜನ ಮೈ ತೊಳೆದುಕೊಂಡು, ಸೋಪಿನಂತೆ ಇದನ್ನು ಹಚ್ಚುತ್ತಾರೆ. ಕೆಡುವುದು ಅಲ್ಲೇ. ಪಾಯ್ಸನ್ ಐವಿಯಲ್ಲಿರುವ ಉರುಶಿಯಾಲ್ ಎಂಬ ಅಂಶ ಎಣ್ಣೆಯಂಥದ್ದು, ಬರೀ ನೀರಿಗೆ ಕರಗುವುದಿಲ್ಲ. ಟೆಕ್ನುವಿನಲ್ಲಿರುವ ಮಿನರಲ್ ಸ್ಪಿರಿಟ್ ಎಂಬ ದ್ರಾವಕ ಆ ಎಣ್ಣೆಗೆ ನೇರವಾಗಿ ತಾಗಬೇಕು. ಚರ್ಮ ಒದ್ದೆಯಿದ್ದರೆ ನೀರು ಅಡ್ಡ ಬರುತ್ತದೆ.

ಒಣ ಚರ್ಮಕ್ಕೆ ಧಾರಾಳವಾಗಿ ಹಚ್ಚಿ, ಗಡಿಯಾರ ನೋಡಿಕೊಂಡು 2 ನಿಮಿಷ ಉಜ್ಜಿ. ಬೆರಳ ಸಂದು, ಉಗುರಿನ ಅಂಚು, ವಾಚಿನ ಪಟ್ಟಿಯ ಅಡಿ ಬಿಡಬೇಡಿ. ಆಮೇಲೆ ತಣ್ಣೀರಲ್ಲಿ ತೊಳೆಯಿರಿ. ನೀರಿಲ್ಲದಿದ್ದರೆ ಬಟ್ಟೆಯಿಂದ ಒರೆಸಿ, ಪ್ರತಿ ಸಲ ಬಟ್ಟೆಯ ಚೊಕ್ಕ ಭಾಗವನ್ನೇ ಬಳಸಿ. ಗಿಡ ತಾಗಿ 8 ಗಂಟೆಯೊಳಗೆ ಎಂದು ತಯಾರಕರು ಹೇಳಿದರೂ ಅಷ್ಟು ಕಾಯುವುದು ತಪ್ಪು. ಎಣ್ಣೆ ಚರ್ಮಕ್ಕಿಳಿಯಲು ನಿಮಿಷಗಳೇ ಸಾಕು. ಕಣ್ಣಿನ ಹತ್ತಿರ ಬೇಡ.

ಬೆಲೆಯ ಮಾತು. 2000ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 20 ಜನರಿಗೆ ಉರುಶಿಯಾಲ್ ತಾಗಿಸಿ, 2 ಗಂಟೆ ಬಿಟ್ಟು ತೊಳೆಸಿದರು. ಟೆಕ್ನು ಶೇ. 70ರಷ್ಟು ರಕ್ಷಣೆ ಕೊಟ್ಟಿತು, ಮೆಕ್ಯಾನಿಕ್‌ಗಳು ಕೈ ತೊಳೆಯುವ ಗೂಪ್ ಶೇ. 61.8, ಪಾತ್ರೆ ತೊಳೆಯುವ ಡಯಲ್ ಸೋಪು ಶೇ. 56.4. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಇವು ಮೂರೂ ಒಂದೇ. ಹಾಗಾಗಿ ಮನೆಯಲ್ಲಿ, ನಲ್ಲಿಯ ಪಕ್ಕದಲ್ಲಿ ಇದಕ್ಕೆ ದುಡ್ಡು ಸುರಿಯಬೇಕಿಲ್ಲ. ಪಾತ್ರೆ ಸೋಪು, ಒರಟು ಬಟ್ಟೆ ಸಾಕು. ಟೆಕ್ನುವಿನ ನಿಜವಾದ ಬೆಲೆ ಗೊತ್ತಾಗುವುದು ನೀರಿಲ್ಲದ ಕಾಲುದಾರಿಯಲ್ಲಿ. 1960ರ ದಶಕದಲ್ಲಿ ಅದು ಹುಟ್ಟಿದ್ದೇ ಅಣುಬಾಂಬಿನ ವಿಕಿರಣ ಧೂಳನ್ನು ನೀರಿಲ್ಲದೆ ಮೈಮೇಲಿಂದ ತೆಗೆಯಲಿಕ್ಕೆ.

ಇಷ್ಟಾಗಿ, ಕಂಡ ಮೂರೆಲೆಗೆಲ್ಲ ಬಾಟಲಿ ಖಾಲಿ ಮಾಡಬೇಡಿ. ಈ ಬೆಟ್ಟಗಳ ಪಾಯ್ಸನ್ ಐವಿ ಮರ ಹತ್ತುವ ಬಳ್ಳಿಯಲ್ಲ, ಹೊಳೆದಂಡೆಯ ತೇವದಲ್ಲಿ ಸಾಮಾನ್ಯವಾಗಿ ಮೊಣಕಾಲೆತ್ತರಕ್ಕೆ ಬೆಳೆಯುವ ಪೊದೆ. ಬಳ್ಳಿ ಹುಡುಕುತ್ತ ಹೋಗುವವರು ಅದರ ನಡುವೆಯೇ ನಡೆದುಹೋಗುತ್ತಾರೆ. ಮೂರು ಎಲೆಗಳಲ್ಲಿ ನಡುವಿನದಕ್ಕೆ ಉದ್ದ ತೊಟ್ಟು, ಕಾಯಿ ಕೆನೆಬಿಳಿ. ಒಣ ಇಳಿಜಾರಿನ ಸ್ಕಂಕ್‌ಬುಷ್ ಸುಮಾಕ್‌ಗೂ ಮೂರೆಲೆಯೇ, ಆದರೆ ನಡುವಿನ ಎಲೆಗೆ ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ. ಹಣ್ಣು ಕೆಂಪು, ಹುಳಿ. ಅದರಿಂದ ಭಯವಿಲ್ಲ. ಅದರ ಎಲೆ ಹಿಸುಕಿದರೆ ಗಾಢ ವಾಸನೆ ಬರುತ್ತದೆ ನಿಜ, ಆದರೆ ಗುರುತಿಸಲು ಆ ಪರೀಕ್ಷೆ ಮಾಡಲೇಬೇಡಿ, ತೊಟ್ಟು ನೋಡಿ. ಪಾಯ್ಸನ್ ಐವಿಯ ಎಲೆ ಉದುರಿದ ಚಳಿಗಾಲದ ಕಡ್ಡಿಯಲ್ಲೂ ಎಣ್ಣೆ ಇರುತ್ತದೆ. ಮೈ ಬೊಬ್ಬೆಯೇಳಿಸುವ ನಿಜವಾದ ಪಾಯ್ಸನ್ ಸುಮಾಕ್ ಅಮೆರಿಕದ ಪೂರ್ವ ಭಾಗದ ಜೌಗುನೆಲದ್ದು, ಇಲ್ಲಿ ಸಿಗುವುದಿಲ್ಲ.

ಮಾವಿನ ಸೊನೆಗೋ ಗೇರುಸಿಪ್ಪೆಯ ಎಣ್ಣೆಗೋ ಮೈ ಬೊಬ್ಬೆಯೇಳುವವರು ಹೆಚ್ಚು ಎಚ್ಚರವಾಗಿರಬೇಕು. ಎಲ್ಲವೂ ಒಂದೇ ಕುಟುಂಬದ ಗಿಡಗಳು, ಎಣ್ಣೆಯೂ ಹತ್ತಿರದ್ದೇ. ಬೊಬ್ಬೆ ಎದ್ದ ಮೇಲೆ ಟೆಕ್ನು ಅದನ್ನು ವಾಸಿಮಾಡುವುದಿಲ್ಲ. ಬೂಟಿನ ಲೇಸು, ಊರುಗೋಲಿನ ಹಿಡಿ, ನಾಯಿಯ ಹಗ್ಗ ಇವನ್ನೂ ಅದರಲ್ಲೇ ಒರೆಸಿಡಿ. ತೊಳೆಯದೆ ಬಿಟ್ಟರೆ ಆ ಎಣ್ಣೆ ತಿಂಗಳುಗಟ್ಟಲೆ ಉಳಿಯುತ್ತದೆ.