ಜೊಟೆರೊ: ಪುಕ್ಕಟೆ ಆಳು, ಆದರೆ ಕಣ್ಣಿಟ್ಟಿರಬೇಕು

ಬೆಂಗಳೂರಿನ ಲ್ಯಾಬುಗಳಲ್ಲಿ ಪೇಪರ್ ಬರೆಯುವವರಿಗೆ, ಉಲ್ಲೇಖಗಳನ್ನು ಕೂಡಿಟ್ಟು ಪಟ್ಟಿ ಮಾಡಿಕೊಡುವ ಸಾಫ್ಟ್‌ವೇರ್ ಜೊಟೆರೊ ಧಾರಾಳವಾಗಿ ಸಾಕು. ಕಾಸಿಲ್ಲ, ಪುಕ್ಕಟೆ ಆನ್‌ಲೈನ್ ಜಾಗ ಮಾತ್ರ 300 ಎಂಬಿ, ಪಿಡಿಎಫ್ ತುರುಕಿದರೆ ಬೇಗ ಭರ್ತಿ. ಡಿಒಐ (ಪ್ರತಿ ಪೇಪರ್‌ಗೂ ಇರುವ ಆನ್‌ಲೈನ್ ಗುರುತು ಸಂಖ್ಯೆ) ಅಂಟಿಸಿದರೆ ವಿವರವೆಲ್ಲ ತಾನೇ ಬರುತ್ತದೆ.

ತಕರಾರು ಶುರುವಾಗುವುದೇ ನಮ್ಮ ಹೆಸರುಗಳಿಂದ. ‘ರಮೇಶ ಕೆ. ಎಸ್.’ ಎಂದಿದ್ದರೆ ಇನಿಷಿಯಲ್ಲೇ ಸರ್‌ನೇಮ್ ಖಾನೆಗೆ ಹೋಗಿ, ಪಟ್ಟಿಯಲ್ಲಿ ‘ಕೆ. ಎಸ್., ಆರ್.’ ಎಂದು ಕೂತುಬಿಡುತ್ತದೆ! ವರ್ಡ್‌ನಲ್ಲಿ ತಿದ್ದಬೇಡಿ, ರಿಫ್ರೆಶ್ ಆದಾಗ ಮತ್ತೆ ಹಳೇ ರೂಪವೇ ಬರುತ್ತದೆ. ಜೊಟೆರೊದಲ್ಲೇ ಲೇಖಕರ ಎರಡು ಖಾನೆ ಅದಲುಬದಲು ಮಾಡಿ. ಜೀವಿಗಳ ವೈಜ್ಞಾನಿಕ ಹೆಸರಿಗೆ ಇಟಾಲಿಕ್ ಟ್ಯಾಗ್ (ಓರೆ ಅಕ್ಷರದ ಗುರುತು) ಕೂಡ ಅಲ್ಲೇ ಹಾಕಬೇಕು.

ಜರ್ನಲ್‌ಗೆ ಕಳಿಸುವ ಮುನ್ನ ‘ಅನ್‌ಲಿಂಕ್ ಸೈಟೇಶನ್ಸ್’ ಒತ್ತುವುದಾದರೆ ನಕಲು ಫೈಲಿನಲ್ಲಿ ಮಾತ್ರ ಒತ್ತಿ. ಒಮ್ಮೆ ಹೀಗೆ ಜೊಟೆರೊ ಜೊತೆಗಿನ ಕೊಂಡಿ ಕಳಚಿದ ಫೈಲಿನಲ್ಲಿ, ರಿವಿಷನ್ ವೇಳೆ ಒಂದು ಉಲ್ಲೇಖ ಸೇರಿಸಿದರೂ ಉಳಿದ ನಂಬರುಗಳನ್ನು ಕೈಯಲ್ಲೇ ಬದಲಿಸಬೇಕು.