ಫಂಕ್ಷನ್ ಕಲಿಯಲು ಯಾವ ವಿಡಿಯೊ? ಮೂರು ಚಾನೆಲ್, ಒಂದೇ ಪ್ರಶ್ನೆ

ಎಕ್ಸ್ ಸ್ಕ್ವೇರ್ ಒಂದು ಫಂಕ್ಷನ್, ಅಂದರೆ ಎಕ್ಸ್‌ಗೆ ಒಂದು ಬೆಲೆ ಕೊಟ್ಟರೆ ಒಂದೇ ಉತ್ತರ ಕೊಡುವ ನಿಯಮ. ಅದರ ಗ್ರಾಫ್ ಬಟ್ಟಲಿನ ಆಕಾರದ್ದು. ಎಕ್ಸ್ ಇದ್ದ ಕಡೆ ಎಕ್ಸ್ ಮೈನಸ್ 2 ಬರೆದರೆ ಅದು ಎರಡು ಮನೆ ಬಲಕ್ಕೆ ಸರಿಯುತ್ತದೆ. ಮೈನಸ್ ಅಂದಮೇಲೆ ಎಡಕ್ಕೆ ಹೋಗಬೇಕಿತ್ತು, ಅಲ್ವಾ? ಫಸ್ಟ್ ಪಿಯು ಓದುತ್ತಿರುವ ಮಗಳು ಕೇಳಿದ ಪ್ರಶ್ನೆ ಇದು. ಇದನ್ನೇ ಹಿಡಿದುಕೊಂಡು ಇಬ್ಬರೂ ಯೂಟ್ಯೂಬ್‌ನಲ್ಲಿ ಮೂರು ಅಮೆರಿಕನ್ ಚಾನೆಲ್‌ಗಳ ಪ್ರಿಕ್ಯಾಲ್ಕುಲಸ್ (ಕ್ಯಾಲ್ಕುಲಸ್‌ಗೆ ಮುಂಚೆ ಕಲಿಸುವ ಗಣಿತ) ಪಾಠ ನೋಡಿದೆವು. ಮೂರೂ ಪುಕ್ಕಟೆ.

ಖಾನ್ ಅಕಾಡೆಮಿಯದು ಚಿಕ್ಕ ಚಿಕ್ಕ ವಿಡಿಯೊ. ಕಪ್ಪು ಪರದೆ, ಬಣ್ಣದ ಗೆರೆಗಳು, ದನಿ ಮಾತ್ರ. ನನಗೆ ವಿಡಿಯೊಗಿಂತ ಅವರ ಸೈಟ್‌ನಲ್ಲಿರುವ ಅಭ್ಯಾಸದ ಲೆಕ್ಕಗಳೇ ಜಾಸ್ತಿ ಇಷ್ಟ. ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ, ಸುಳಿವೂ ಸಿಗುತ್ತದೆ. ನೋಡುವಾಗ ಎಲ್ಲಾ ಅರ್ಥವಾದ ಹಾಗೇ ಇರುತ್ತದೆ. ಪೆನ್ನು ಹಿಡಿದಾಗ ತಾನೇ ಬಂಡವಾಳ ಬಯಲಾಗುವುದು!

ದಿ ಆರ್ಗ್ಯಾನಿಕ್ ಕೆಮಿಸ್ಟ್ರಿ ಟ್ಯೂಟರ್ ಎಂಬ ಹೆಸರು ನೋಡಿ ಮುಂದೆ ಹೋಗಬೇಡಿ, ಅಲ್ಲಿ ಗಣಿತವೂ ರಾಶಿ ಇದೆ. ಒಂದಾದ ಮೇಲೊಂದು ಲೆಕ್ಕ ಬಿಡಿಸುತ್ತಾ ಹೋಗುತ್ತಾರೆ. ಡೊಮೇನ್, ಅಂದರೆ ಎಕ್ಸ್‌ಗೆ ಯಾವ ಯಾವ ಬೆಲೆ ಕೊಡಬಹುದು ಅನ್ನುವುದನ್ನು ಹುಡುಕಲು ಇದೇ ಸರಿ. ಸ್ಕ್ವೇರ್ ರೂಟ್ ಒಳಗೆ ನೆಗೆಟಿವ್ ಬರಬಾರದು, ಛೇದ ಸೊನ್ನೆ ಆಗಬಾರದು. ಮುಖ್ಯ ಷರತ್ತು ಇಷ್ಟೇ, ಆದರೆ ಲೆಕ್ಕ ಮಾಡಿ ಮಾಡಿಯೇ ಕೈಗೆ ಹತ್ತಬೇಕು. ಪರೀಕ್ಷೆ ಹತ್ತಿರವಿದ್ದಾಗ ನಾನು ಇದನ್ನೇ ಹಾಕಿಕೊಡುತ್ತೇನೆ.

ಮಗಳ ಪ್ರಶ್ನೆಗೆ ಮಾತ್ರ ಪ್ರೊಫೆಸರ್ ಲಿಯೊನಾರ್ಡ್ ಹೊಂದಿದರು. ವೈಟ್‌ಬೋರ್ಡ್ ಮುಂದೆ ನಿಂತು ಪಾಠ ಮಾಡುವ ಕಾಲೇಜು ಮೇಷ್ಟ್ರು. ಪಾಠಗಳು ಉದ್ದ, ಅವಸರವಿಲ್ಲ. ಆ ನಿಧಾನದಿಂದಲೇ ನಮಗೆ ವಿಡಿಯೊ ನಿಲ್ಲಿಸಿ ಟೇಬಲ್ ಹಾಕುವ ಮನಸ್ಸು ಬಂತು. ಹಳೆಯ ಫಂಕ್ಷನ್ ಸೊನ್ನೆ ಆಗುವುದು ಎಕ್ಸ್ 0 ಇದ್ದಾಗ. ಹೊಸದು ಸೊನ್ನೆ ಆಗಬೇಕಾದರೆ ಎಕ್ಸ್ 2 ಆಗಬೇಕು. ಹಳೆಯದರಲ್ಲಿ 1ಕ್ಕೆ ಸಿಕ್ಕ ಬೆಲೆ ಹೊಸದರಲ್ಲಿ 3ಕ್ಕೆ ಸಿಗುತ್ತದೆ. ಮೈನಸ್ ಕಳೆದಿದ್ದನ್ನು ತುಂಬಲು ಎಕ್ಸ್ ಎರಡು ಜಾಸ್ತಿ ಇರಬೇಕು, ಅದಕ್ಕೇ ಗ್ರಾಫ್ ಬಲಕ್ಕೆ. ಆಮೇಲೆ ಮಗಳು ಡೆಸ್ಮೋಸ್ ಎಂಬ ಗ್ರಾಫ್ ಬಿಡಿಸುವ ಸೈಟ್‌ನಲ್ಲಿ 2ರ ಬದಲು ಸ್ಲೈಡರ್ (ಎಳೆದು ಬೆಲೆ ಬದಲಿಸುವ ಗುಂಡಿ) ಇಟ್ಟು ಎಳೆದಾಡಿದಳು. ಉದ್ದದ ಪಾಠಕ್ಕೆ ತಾಳ್ಮೆ ಇಲ್ಲದ ಮಕ್ಕಳಿಗೆ ಇವರನ್ನು ಸುಮ್ನೆ ಒತ್ತಾಯ ಮಾಡಬೇಡಿ.

ನಮ್ಮೂರ ಕಡೆಯ ಒಂದು ಕೋಚಿಂಗ್ ಚಾನೆಲ್ಲನ್ನೂ ನೋಡಿದೆವು, ಹೆಸರು ಬೇಡ. ಎಕ್ಸ್ ಜೊತೆಗಿನ ಮೈನಸ್ ಬಗ್ಗೆ "ಒಳಗಿದ್ದರೆ ಉಲ್ಟಾ, ನೆನಪಿಟ್ಕೊಳ್ಳಿ" ಅಂದು ಮುಂದೆ ಓಡಿದರು. ಸಿಇಟಿಗೆ ಅಷ್ಟು ಸಾಕೇನೋ.

ಒಂದು ಎಚ್ಚರ. ಅಮೆರಿಕದ ಪ್ರಿಕ್ಯಾಲ್ಕುಲಸ್ಸೂ ನಮ್ಮ ಪಿಯು ಪುಸ್ತಕವೂ ಒಂದೇ ದಾರಿಯಲ್ಲಿ ಹೋಗುವುದಿಲ್ಲ. ನಮ್ಮಲ್ಲಿ ಮೊದಲು ಕಾರ್ಟೀಸಿಯನ್ ಪ್ರಾಡಕ್ಟ್ (ಎರಡು ಗಣಗಳಿಂದ ಒಂದೊಂದು ತೆಗೆದು ಮಾಡಿದ ಎಲ್ಲಾ ಜೋಡಿಗಳು), ಆಮೇಲೆ ರಿಲೇಷನ್ (ಅವುಗಳಲ್ಲಿ ಆಯ್ದ ಜೋಡಿಗಳು), ಅದರಿಂದ ಫಂಕ್ಷನ್. ಅವರ ಪ್ರಿಕ್ಯಾಲ್ಕುಲಸ್‌ನಲ್ಲೇ ಬರುವ ಕಾಂಪೋಸಿಷನ್ (ಒಂದು ಫಂಕ್ಷನ್ನಿನ ಉತ್ತರವನ್ನು ಇನ್ನೊಂದಕ್ಕೆ ಹಾಕುವುದು), ಇನ್ವರ್ಸ್ (ಉತ್ತರದಿಂದ ಎಕ್ಸ್‌ಗೆ ವಾಪಸ್ ಬರುವುದು) ನಮಗೆ ಸೆಕೆಂಡ್ ಪಿಯುಗೆ. ಸಿಗ್ನಮ್ ಫಂಕ್ಷನ್ (ಎಕ್ಸ್ ಪಾಸಿಟಿವ್ ಆದರೆ 1, ಸೊನ್ನೆ ಆದರೆ 0, ನೆಗೆಟಿವ್ ಆದರೆ ಮೈನಸ್ 1 ಕೊಡುವುದು) ಆ ಪಾಠಗಳಲ್ಲಿ ನಮ್ಮ ಕಣ್ಣಿಗೆ ಬೀಳಲೇ ಇಲ್ಲ. ಅದಕ್ಕೆ ಕಾಲೇಜಿನ ನೋಟ್ಸೇ ಗತಿ.